ನಿಂಫೊಮೈಯಿಡೀ: ಗುರುತಿಸಿದ ಇತಿಹಾಸ

ಡಿಪ್ಟೆರ ಗಣದ ಒಂದು ಅಪರೂಪದ ನೊಣಕುಟುಂಬ. ಬೆಳೆದ ನೊಣದ ಉದ್ದ ಸುಮಾರು 2 ಮಿ.ಮೀ. ರೆಕ್ಕೆ ಕಿರಿದಾದ ಪಟ್ಟಿಯಂತಿದ್ದು ಅಂಚಿನ ತುಂಬ ಉದ್ದನೆಯ ಕೂದಲಿದೆ. ಬಾಯಿಯ ಅಂಗಗಳು ಕ್ಷಯಿಸಿವೆ. ಕಣ್ಣುಗಳು ತಲೆಯ ಅಡಿಯಲ್ಲಿ ಕೂಡಿಕೊಂಡಿವೆ.

ಮೊದಲ ಪ್ರಭೇದ ನಿಂಫೊಮೈಯಾ ಆಲ್ಬವನ್ನು ಜಪಾನಿನ ತೊಕುನಾಗ 1932ರಲ್ಲಿ ವರ್ಣಿಸಿದರು. 1965ರಲ್ಲಿ ಐಡ್ ಕೆನಡಾದ ನೊಣವೊಂದಕ್ಕೆ ಪೇಲಿಯೊಡಿಪ್ಟೆರಾನ್, ಅಂದರೆ 'ಪುರಾತನ ದ್ವಿರೆಕ್ಕಿ', ಎಂದು ಹೆಸರಿಟ್ಟರು. ಗೊಂದಲ ಬೆಳೆದದ್ದು ಈ ಪುರಾತನತೆಯ ಸುತ್ತಲೇ. ರಷ್ಯದ ರೋಡೆನ್‌ಡಾರ್ಫ್ ಇವನ್ನು ಉಳಿದೆಲ್ಲ ನೊಣಗಳಿಂದ ಬೇರ್ಪಡಿಸಿ ಆರ್ಕಿಡಿಪ್ಟೆರ ಎಂಬ ಪ್ರತ್ಯೇಕ ಉಪಗಣದಲ್ಲಿಟ್ಟರು. ಆದರೆ ಕ್ಷಯಿಸಿದ ಬಾಯಿ, ಸವೆದ ರೆಕ್ಕೆನರಗಳು ಅಲ್ಪಾಯುಷಿ ನೊಣದಲ್ಲಿ ಈಚೆಗೆ ಬಂದ ಮಾರ್ಪಾಡುಗಳೂ ಆಗಿರಬಹುದು. ಅವನ್ನಷ್ಟೇ ನಂಬಿ ವಂಶ ನಿರ್ಣಯಿಸುವುದು ಕಷ್ಟ.

ಹಾಗಾಗಿ 1970ರಲ್ಲಿ ಡಿಂಬ ಸಿಕ್ಕಿದ್ದೇ ನಿಜವಾದ ತಿರುವು. ಕಟನ್ ಮತ್ತು ಕೆವನ್ ಅದನ್ನು ಕ್ವಿಬೆಕ್‌ನಿಂದ ವರದಿ ಮಾಡಿದರು. ಅದೇ ಲೇಖನದಲ್ಲಿ ಭಾರತದ ಪೂರ್ವ ಹಿಮಾಲಯದ ಫೆಲಿಸಿಟೊಮೈಯಾ ಎಂಬ ಹೊಸ ಕುಲವೂ ಬಂತು. ಡಿಂಬ ವಾಸಿಸುವುದು ತೊರೆಯ ಬಂಡೆಗಂಟಿದ ಒದ್ದೆ ಪಾಚಿಯಲ್ಲಿ. ಬರಿಗಣ್ಣಿಗೆ ಅದು ಕೈರೊನೊಮಿಡ್ ನೊಣದ ಮರಿಹುಳುವೆಂದೇ ತೋರುತ್ತದೆ. ಸೂಕ್ಷ್ಮದರ್ಶಕದಡಿ ಕಾಲು ನೋಡಬೇಕು: ಕೈರೊನೊಮಿಡ್‌ಗೆ ತಲೆಯ ಹಿಂದೆ ಒಂದು ಜೊತೆ, ಬಾಲದಲ್ಲಿ ಒಂದು ಜೊತೆ ಹುಸಿಗಾಲು, ಇದಕ್ಕೆ ಎದೆಯಲ್ಲಿ ಒಂದೂ ಇಲ್ಲ, ಹೊಟ್ಟೆಯುದ್ದಕ್ಕೂ ಸಾಲುಸಾಲು. ಬೆಳೆದ ನೊಣಕ್ಕಾಗಿ ಕಾಯುವ ಬದಲು ಪಾಚಿ ತೊಳೆದು ಹುಡುಕುವುದು ಇದರಿಂದ ಸಾಧ್ಯವಾಯಿತು.

1994ರಲ್ಲಿ ಅಮೆರಿಕದ ಕೋರ್ಟ್ನಿ ಮೂರೂ ಕುಲಗಳನ್ನು ನಿಂಫೊಮೈಯಾ ಒಂದರಲ್ಲೇ ಸೇರಿಸಿದರು. ಈ ನೊಣಗಳ ಬದುಕಿನ ಬಗ್ಗೆ ಅವರು ಕೊಟ್ಟ ವಿವರಗಳು ಮನಮುಟ್ಟುವಂತಿವೆ: ರೆಕ್ಕೆ ಮುರಿದುಕೊಂಡ ಜೋಡಿ ಕೂಡಿದ ಸ್ಥಿತಿಯಲ್ಲೇ ನೀರಿಗಿಳಿಯುತ್ತದೆ, ಹೆಣ್ಣು ತಮ್ಮಿಬ್ಬರ ಸುತ್ತ ಮೊಟ್ಟೆಗಳನ್ನು ಹೂದಳದಂತೆ ಜೋಡಿಸುತ್ತದೆ, ಎರಡೂ ಅಲ್ಲೇ ಸಾಯುತ್ತವೆ.

1998ರಲ್ಲಿ ಹಾಂಗ್‌ಕಾಂಗ್‌ನ ಪ್ರಭೇದ, 2000ದಲ್ಲಿ ಇಯೊಸೀನ್ ಯುಗದ ಅಂಬರಿನ ಪಳೆಯುಳಿಕೆ ಪ್ರಕಟವಾದವು. ಪುರಾತನತೆಯ ವಾದಕ್ಕೆ ಮರುಜೀವ ಬಂದದ್ದು 2011ರಲ್ಲಿ. ವೀಗ್‌ಮನ್ ಮತ್ತು ಸಂಗಡಿಗರ ವಂಶವೃಕ್ಷದಲ್ಲಿ ಈ ಕುಟುಂಬ ಡ್ಯೂಟೆರೊಫ್ಲೆಬಿಯಿಡೀ ಎಂಬ ಇನ್ನೊಂದು ನೊಣಕುಟುಂಬದ ಜೊತೆಗೆ ನೊಣಗಳ ಅತ್ಯಂತ ಹಳೆಯ ಕವಲುಗಳ ನಡುವೆ ಕುಳಿತಿತು. ಇದಕ್ಕೆ ಆಧಾರ ರೆಕ್ಕೆಯೂ ಬಾಯಿಯೂ ಅಲ್ಲ, ಮುಖ್ಯವಾಗಿ ಜೀನುಗಳು.