ಎಕ್ಸ್‌ಪೋರ್ಟ್ ಫೇಲ್ ಆಯ್ತಾ? ಮೊದಲು ಏನನ್ನೂ ಡಿಲೀಟ್ ಮಾಡಬೇಡಿ

ಒಂದು ರಾತ್ರಿ ಹನ್ನೊಂದೂವರೆಗೆ ಗೆಳೆಯನೊಬ್ಬನ ಫೋನ್. ಅವನ ಊರಿನ ಗ್ರಾಮಸಭೆಯಲ್ಲಿ ಹೆಂಗಸರು ಎದ್ದು ನಿಂತು, ‘ಮನೆ ಮುಂದೆ ನಲ್ಲಿ ಹಾಕಿದ್ದೀರಿ, ನೀರೆಲ್ಲಿ?’ ಅಂತ ಪಿಡಿಒಗೆ ಕೇಳಿದ್ದನ್ನೆಲ್ಲ ಮೊಬೈಲಲ್ಲಿ ಶೂಟ್ ಮಾಡಿದ್ದ. ಹನ್ನೆರಡು ನಿಮಿಷಕ್ಕೆ ಎಡಿಟ್ ಆಗಿದೆ. ಬೆಳಗ್ಗೆ ತಾಲೂಕು ಪಂಚಾಯಿತಿ ಮುಂದೆ ಧರಣಿ. ಅದಕ್ಕೂ ಮುಂಚೆ ವಿಡಿಯೋ ಹೋಗಬೇಕು. ‘ಮೂರು ಸಲ ಎಕ್ಸ್‌ಪೋರ್ಟ್ ಕೊಟ್ಟೆ ಗುರು, ಮೂರು ಸಲನೂ ಫೇಲ್. ಜಾಗ ಸಾಲ್ತಿಲ್ಲ ಅನ್ಸುತ್ತೆ. ಒರಿಜಿನಲ್ ಕ್ಲಿಪ್ ಎಲ್ಲ ಅಳಿಸಿಬಿಡ್ಲಾ?’

ಅಳಿಸಬೇಡ ಮಾರಾಯ ಅಂತ ಕೂಗಿಕೊಂಡೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲದ ಸಂಗತಿ: ಎಡಿಟಿಂಗ್ ಆ್ಯಪ್‌ನ ‘ಪ್ರಾಜೆಕ್ಟ್’ ಒಳಗೆ ಸಾಮಾನ್ಯವಾಗಿ ನಿಮ್ಮ ವಿಡಿಯೋ ಇರುವುದೇ ಇಲ್ಲ. ಇಂಥ ಫೈಲ್‌ನ ಇಷ್ಟನೇ ಸೆಕೆಂಡಿನಿಂದ ಇಷ್ಟನೇ ಸೆಕೆಂಡಿನವರೆಗೆ ತಗೋ, ಅದರ ಮೇಲೆ ಈ ಅಕ್ಷರ ಹಾಕು ಅನ್ನುವ ಪಟ್ಟಿಯಷ್ಟೇ ಇರುತ್ತದೆ. ಮೂಲ ಕ್ಲಿಪ್ ಹೋದರೆ ಆ ಪಟ್ಟಿಯಿಂದ ಏನೂ ಪ್ರಯೋಜನವಿಲ್ಲ. ಆಂಡ್ರಾಯ್ಡ್‌ನಲ್ಲಿ ಇನ್ನೊಂದು ಅಪಾಯವಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್‌ನ ‘ಕ್ಯಾಶೆ’ ಅಳಿಸಬಹುದು, ತೊಂದರೆ ಇಲ್ಲ. ಪಕ್ಕದಲ್ಲೇ ಇರುವ ‘ಡೇಟಾ’ ಅಥವಾ ‘ಸ್ಟೋರೇಜ್’ ಅಳಿಸುವ ಬಟನ್ ಒತ್ತಿದರೆ ಫೋನಿನಲ್ಲಷ್ಟೇ ಉಳಿಸಿದ ಡ್ರಾಫ್ಟ್‌ಗಳೆಲ್ಲ ಹೋಗುತ್ತವೆ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೂ ಅಷ್ಟೇ. ಯೂಟ್ಯೂಬಲ್ಲಿ ಸಿಗುವ ‘ಸಿಂಪಲ್ ಸೊಲ್ಯೂಷನ್’ಗಳಲ್ಲಿ ಅರ್ಧದಷ್ಟು ಇದನ್ನೇ ಹೇಳುತ್ತವೆ.

ಜಾಗದ ಲೆಕ್ಕ

ಜಾಗ ಸಾಲುತ್ತಾ ಅನ್ನೋದನ್ನ ಊಹಿಸಬೇಕಾಗಿಲ್ಲ, ಲೆಕ್ಕ ಹಾಕಬಹುದು. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ ಎಂಟರಿಂದ ಭಾಗಿಸಿ. 1080 ಪಿಕ್ಸೆಲ್, ಸೆಕೆಂಡಿಗೆ 30 ಫ್ರೇಮ್ ವಿಡಿಯೋಗೆ ಯೂಟ್ಯೂಬ್ ಸೂಚಿಸುವುದು ಸೆಕೆಂಡಿಗೆ 8 ಮೆಗಾಬಿಟ್. ಹನ್ನೆರಡು ನಿಮಿಷ ಅಂದರೆ 720 ಸೆಕೆಂಡು. ಫೈಲ್ ಸುಮಾರು 720 ಎಂಬಿ. ಅದನ್ನೇ 4ಕೆಯಲ್ಲಿ 40 ಮೆಗಾಬಿಟ್‌ಗೆ ತೆಗೆದರೆ 3.6 ಜಿಬಿ. ಊರವರು ವಾಟ್ಸ್ಆ್ಯಪ್‌ನಲ್ಲಿ ನೋಡುವ ವಿಡಿಯೋಗೆ 4ಕೆ ಯಾಕೆ ಬೇಕು ಅನ್ನೋದು ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಲೆಕ್ಕದ ಎರಡರಷ್ಟು ಜಾಗ ಖಾಲಿ ಇಟ್ಟುಕೊಳ್ಳುವುದು ನನ್ನ ರೂಢಿ, ಯಾಕೆಂದರೆ ಆ್ಯಪ್ ತಾತ್ಕಾಲಿಕ ಫೈಲ್‌ಗಳನ್ನೂ ಬರೆಯುತ್ತಿರುತ್ತದೆ.

ಪೆನ್‌ಡ್ರೈವ್‌ಗೆ ನೇರ ಎಕ್ಸ್‌ಪೋರ್ಟ್ ಕೊಡುವವರು ಗಮನಿಸಿ: ಅದು ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ ಒಂದು ಫೈಲ್ 4 ಜಿಬಿ ಮುಟ್ಟಲು ಆಗುವುದಿಲ್ಲ, ಡ್ರೈವ್‌ನಲ್ಲಿ 60 ಜಿಬಿ ಖಾಲಿ ಇದ್ದರೂ. ಮೊದಲು ಕಂಪ್ಯೂಟರ್‌ಗೆ ತೆಗೆದುಕೊಳ್ಳಿ.

ಎಲ್ಲಿ ನಿಲ್ಲುತ್ತದೆ, ನೋಡಿ

ಎಕ್ಸ್‌ಪೋರ್ಟ್ ಅನ್ನೋದು ಒಂದು ಕೆಲಸ ಅಲ್ಲ, ನಾಲ್ಕು. ಕ್ಲಿಪ್‌ನ ಸಂಕೋಚನ ಬಿಡಿಸಿ ಚಿತ್ರಗಳನ್ನು ತೆಗೆಯಬೇಕು, ಅಕ್ಷರ, ಬಣ್ಣ, ಟ್ರಾನ್ಸಿಷನ್ ಸೇರಿಸಬೇಕು, ಮತ್ತೆ ಸಂಕುಚಿಸಬೇಕು, ಕೊನೆಗೆ ಬರೆಯಬೇಕು. ಯಾವ ಹಂತ ಕೈಕೊಟ್ಟರೂ ಆ್ಯಪ್ ಹೇಳುವುದು ಮಾತ್ರ ‘ಫೇಲ್ಡ್’ ಅಂತ ಒಂದೇ ಮಾತು.

ಹಾಗಾಗಿ ಗೆಳೆಯನಿಗೆ ಕೇಳಿದ ಮೊದಲ ಪ್ರಶ್ನೆ: ಎಷ್ಟು ಪರ್ಸೆಂಟ್‌ಗೆ ನಿಂತಿತು? ಮೂರು ಸಲವೂ 62ಕ್ಕೆ. ಇದು ಒಳ್ಳೆ ಸುದ್ದಿ. ಪ್ರತಿ ಸಲ ಒಂದೇ ಕಡೆ ನಿಂತರೆ ದೋಷ ಟೈಮ್‌ಲೈನ್‌ನಲ್ಲಿ ಆ ಜಾಗದಲ್ಲೇ ಇರುತ್ತದೆ. 720 ಸೆಕೆಂಡಿನ 62 ಪರ್ಸೆಂಟ್ ಅಂದರೆ ಸುಮಾರು ಏಳೂವರೆ ನಿಮಿಷದ ಹತ್ತಿರ. ಅಲ್ಲಿ ಏನಿದೆ ಅಂದೆ. ಪಕ್ಕದೂರಿನ ಹುಡುಗ ಕಳಿಸಿದ ಒಂದು ಕ್ಲಿಪ್. ಅದನ್ನು ತೆಗೆದು ಎಕ್ಸ್‌ಪೋರ್ಟ್ ಕೊಟ್ಟ, 62 ದಾಟಿ ಮುಂದೆ ಹೋಯಿತು. ಕ್ಲಿಪ್‌ನ ಕೊನೆ ಎರಡು ಸೆಕೆಂಡು ಕೆಟ್ಟಿತ್ತು. ಅಷ್ಟನ್ನು ಕತ್ತರಿಸಿ ಉಳಿದದ್ದನ್ನು ವಾಪಸ್ ಸೇರಿಸಿದ.

ಜಾಗ ಅಷ್ಟು ಸುಲಭವಾಗಿ ಸಿಗದಿದ್ದರೆ ಅರ್ಧರ್ಧ ಮಾಡಿ ಹುಡುಕಿ. ಪ್ರಾಜೆಕ್ಟ್‌ನ ನಕಲು ಮಾಡಿಕೊಂಡು ಮೊದಲ ಅರ್ಧ ಮಾತ್ರ ಎಕ್ಸ್‌ಪೋರ್ಟ್ ಮಾಡಿ. ಬಂತಾ? ಹಾಗಿದ್ದರೆ ದೋಷ ಎರಡನೇ ಅರ್ಧದಲ್ಲಿದೆ. ಅದನ್ನು ಮತ್ತೆ ಅರ್ಧ ಮಾಡಿ. ಆರು ಸಲಕ್ಕೆ ಹನ್ನೆರಡು ನಿಮಿಷದ ವಿಡಿಯೋ ಹನ್ನೊಂದು ಸೆಕೆಂಡಿಗೆ ಇಳಿಯುತ್ತದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ‘ಬೈನರಿ ಸರ್ಚ್’ ಅಂತ ಬಾಯಿಪಾಠ ಮಾಡಿ ಪಾಸಾದ ಪಾಠ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಇಲ್ಲೇ.

ಪ್ರತಿ ಸಲ ಬೇರೆ ಬೇರೆ ಕಡೆ ನಿಂತರೆ ಕಥೆ ಬೇರೆ. ಆಗ ಸಂಶಯ ಮೆಮೊರಿ ಮೇಲೆ, ಬಿಸಿ ಮೇಲೆ, ಅಥವಾ ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸುವ ಫೋನಿನ ಮೇಲೆ. ಉಳಿದ ಆ್ಯಪ್ ಮುಚ್ಚಿ, ಬ್ಯಾಟರಿ ಸೇವರ್ ತೆಗೆದು, ಸ್ಕ್ರೀನ್ ಆರದಂತೆ ಇಟ್ಟು, ಕವರ್ ಬಿಚ್ಚಿ ಫ್ಯಾನ್ ಕೆಳಗಿಡಿ. ನಗಬೇಡಿ, ಕೆಲಸ ಮಾಡುತ್ತದೆ. ಕಂಪ್ಯೂಟರ್‌ನಲ್ಲಾದರೆ ‘ಹಾರ್ಡ್‌ವೇರ್ ಎನ್‌ಕೋಡಿಂಗ್’ ಆಫ್ ಮಾಡಿ ಸಾಫ್ಟ್‌ವೇರ್ ಎನ್‌ಕೋಡಿಂಗ್‌ಗೆ ಬದಲಿಸಿ. ನಿಧಾನ, ಆದರೆ ಗ್ರಾಫಿಕ್ಸ್ ಕಾರ್ಡಿನ ರಗಳೆಯಿಂದ ದೂರ.

ಉಚಿತ ಹಾಗೂ ಮುಕ್ತ ತಂತ್ರಾಂಶ ಕೆಡಿಎನ್‌ಲೈವ್ ಬಳಸುವವರಿಗೆ ಎರಡು ಮಾತು. ರೆಂಡರ್ ಕಿಟಕಿಯಲ್ಲಿ ‘ಪ್ಯಾರಲಲ್ ಪ್ರೊಸೆಸಿಂಗ್’ ಟಿಕ್ ಆಗಿದ್ದರೆ ತೆಗೆದು ನೋಡಿ. ಕೆಲವು ಎಫೆಕ್ಟ್‌ಗಳಿಗೆ ಅದು ಆಗಿಬರುವುದಿಲ್ಲ. ವಿಡಿಯೋ ಮಸುಕಾಗಿ ಬಂದರೆ ಪ್ರಾಕ್ಸಿ ಕ್ಲಿಪ್‌ಗಳಿಂದಲೇ ರೆಂಡರ್ ಮಾಡುವ ಆಯ್ಕೆ ಆನ್ ಇದೆಯಾ ಪರೀಕ್ಷಿಸಿ.

ಫ್ರೇಮ್ ಅಳತೆ ಬೆಸಸಂಖ್ಯೆ ಆಗಿದ್ದರೂ ಎಕ್ಸ್‌ಪೋರ್ಟ್ ಕೈಕೊಡಬಹುದು. ಸಾಮಾನ್ಯ ಎಚ್.264 ವಿಡಿಯೋದಲ್ಲಿ ಬಣ್ಣದ ಮಾಹಿತಿಯನ್ನು ಎರಡೆರಡು ಪಿಕ್ಸೆಲ್ ಜೋಡಿಗೆ ಒಂದರಂತೆ ಇಡುತ್ತಾರೆ. ಕ್ರಾಪ್ ಮಾಡುವಾಗ ಅಗಲ 1079 ಆಗಿಬಿಟ್ಟಿದ್ದರೆ 1080 ಮಾಡಿ.

ಬಂತು, ಆದರೆ ಸರಿ ಇಲ್ಲ

ಹೆಚ್ಚು ಕಾಡುವುದು ತುಟಿಗೂ ಮಾತಿಗೂ ತಾಳ ತಪ್ಪುವುದು, ಅದೂ ಭಾಷಣ ಮುಂದುವರಿದಂತೆ ಹೆಚ್ಚುತ್ತಾ ಹೋಗುವುದು. ಅನೇಕ ಫೋನ್‌ಗಳು ಬೆಳಕು ನೋಡಿಕೊಂಡು ಸೆಕೆಂಡಿಗೆ ಇಷ್ಟು ಫ್ರೇಮ್ ಅನ್ನೋದನ್ನ ಹೆಚ್ಚು ಕಮ್ಮಿ ಮಾಡುತ್ತವೆ. ಎಡಿಟರ್ ಒಂದೇ ಸಮ ಇದೆ ಅಂದುಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಕ್ಲಿಪ್‌ನ ಹೊಸ ಪ್ರತಿ ತೆಗೆದು, ಆ ಪ್ರತಿಯನ್ನು ಎಡಿಟ್ ಮಾಡಿ.

ಕನ್ನಡ ಅಕ್ಷರಗಳ ಗೋಳು ನಮ್ಮದೇ. ಒತ್ತಕ್ಷರ ಪಕ್ಕಕ್ಕೆ ಸರಿದು ನಿಂತರೆ ಆ್ಯಪ್‌ಗೆ ಅಕ್ಷರ ಜೋಡಿಸಲು ಬರುತ್ತಿಲ್ಲ ಅಂತ ಅರ್ಥ. ಪ್ರೀಮಿಯರ್ ಪ್ರೊನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇರೆಯೇ ಸೆಟ್ಟಿಂಗ್ ಇದೆ, ಅದನ್ನು ಆರಿಸಬೇಕು. ಚೌಕಗಳು ಬಂದರೆ ಫಾಂಟ್‌ನಲ್ಲಿ ಕನ್ನಡ ಇಲ್ಲ. ನೋಟೋ ಸಾನ್ಸ್ ಕನ್ನಡ ಹಾಕಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ನೀವು ಅಂಟಿಸಿದ್ದು ಹಳೇ ನುಡಿ ಅಥವಾ ಬರಹದ ಪಠ್ಯ, ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಯಾವುದೂ ಆಗದಿದ್ದರೆ ಶೀರ್ಷಿಕೆಯನ್ನು ಬೇರೆ ಆ್ಯಪ್‌ನಲ್ಲಿ ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ಮೇಲೆ ಕೂರಿಸಿ. ಅವಸರದ ಕೆಲಸಕ್ಕೆ ನಾನು ಮಾಡುವುದೂ ಇದನ್ನೇ.

99ರಲ್ಲಿ ನಿಂತರೆ ಗಾಬರಿಯಾಗಿ ಮುಚ್ಚಬೇಡಿ. ಎಂಪಿ4 ಫೈಲ್‌ನ ಒಳಗೆ ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುತ್ತದೆ. ಅದನ್ನು ಬರೆಯುವ ಮುಂಚೆ ನಿಲ್ಲಿಸಿದರೆ ಅಷ್ಟು ದೊಡ್ಡ ಫೈಲ್ ಪ್ಲೇ ಆಗುವುದೇ ಇಲ್ಲ. ಕರೆಂಟ್ ನಂಬಿಕೆ ಇಲ್ಲದ ಊರಲ್ಲಿ ಡೆಸ್ಕ್‌ಟಾಪ್ ಬಳಸುವುದಾದರೆ ಎಂಕೆವಿಯಲ್ಲಿ ತೆಗೆಯಿರಿ. ಮಧ್ಯೆ ನಿಂತರೂ ಅಲ್ಲಿಯವರೆಗಿನದ್ದು ಬಹುಪಾಲು ಉಳಿಯುತ್ತದೆ.

ಒರಿಜಿನಲ್ ಯಾಕೆ ಬೇಕು

ಎಕ್ಸ್‌ಪೋರ್ಟ್ ಆದ ವಿಡಿಯೋ ಹೊಸ ಫೈಲ್. ಶೂಟ್ ಮಾಡಿದ ಸಮಯ, ಫೋನ್ ಮುಂತಾದ ವಿವರ ಅದರಲ್ಲಿ ಉಳಿಯುತ್ತದೆ ಅಂತ ನಂಬುವಂತಿಲ್ಲ. ನಾಳೆ ಯಾರಾದರೂ ‘ಇದು ಕತ್ತರಿಸಿ ಅಂಟಿಸಿದ್ದು’ ಅಂದರೆ ತೋರಿಸಬೇಕಾದ್ದು ಮೂಲವನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಫೈಲ್‌ನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಅಂದರೆ ಫೈಲ್‌ನ ಬೆರಳಚ್ಚು. ಒಂದು ಬಿಟ್ ಬದಲಾದರೂ ಅದು ಬದಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಮತ್ತೆ ಸಂಕುಚಿಸುತ್ತದೆ, ಬೆರಳಚ್ಚು ಹೋಯಿತು. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ ಹಾಕಿ ನಕಲು ಮಾಡಿ.

ಗೆಳೆಯನ ವಿಡಿಯೋ ರಾತ್ರಿ ಒಂದೂಮುಕ್ಕಾಲಿಗೆ ಹೊರಬಂತು. ಮೂಲ ಕ್ಲಿಪ್‌ಗಳನ್ನೆಲ್ಲ ಬೆಳಗ್ಗೆ ಧರಣಿಗೆ ಹೋಗುವ ಮುಂಚೆ ತಂಗಿಯ ಲ್ಯಾಪ್‌ಟಾಪ್‌ಗೆ ಹಾಕಿಟ್ಟ.