ವಿಶೇಷ ವಿವಾಹ ಅಧಿನಿಯಮ, 1954ರ ಅಡಿಯಲ್ಲಿ ವಿವಾಹ: ನೋಟೀಸು, ಆಕ್ಷೇಪಣೆ ಮತ್ತು ಪ್ರಮಾಣಪತ್ರದ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಯಾವುದೇ ಧರ್ಮ ಅಥವಾ ಜಾತಿಗೆ ಸೇರಿದ ವಯಸ್ಕ ಗಂಡು ಮತ್ತು ಹೆಣ್ಣು, ತಮ್ಮ ಧರ್ಮವನ್ನು ಬದಲಾಯಿಸದೆ, ವಿವಾಹಾಧಿಕಾರಿಯ ಸಮಕ್ಷಮದಲ್ಲಿ ವಿವಾಹವಾಗಲು ವಿಶೇಷ ವಿವಾಹ ಅಧಿನಿಯಮ, 1954 ಅವಕಾಶ ಕಲ್ಪಿಸುತ್ತದೆ. ಜನಬಳಕೆಯಲ್ಲಿ ಇದನ್ನು ‘ರಿಜಿಸ್ಟರ್ ಮದುವೆ’ ಎನ್ನುವುದು ವಾಡಿಕೆ. ಈ ಅಧಿನಿಯಮವು 1955ರ ಜನವರಿ 1ರಿಂದ ಜಾರಿಯಲ್ಲಿದೆ. ಇದಕ್ಕೂ ಮೊದಲು ಇದ್ದ 1872ರ ಕಾಯ್ದೆಯಡಿ ವಿವಾಹವಾಗಬೇಕಾದವರು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಯಾವ ಧರ್ಮವನ್ನೂ ಅನುಸರಿಸುವುದಿಲ್ಲವೆಂದು ಘೋಷಿಸಬೇಕಾಗಿತ್ತು. 1923ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್ ಮತ್ತು ಜೈನರು ತಮ್ಮೊಳಗೆ ವಿವಾಹವಾಗಲು ಮಾತ್ರ ವಿನಾಯಿತಿ ನೀಡಿತು. 1954ರ ಅಧಿನಿಯಮವು ಅಂತಹ ಘೋಷಣೆಯ ಅಗತ್ಯವನ್ನೇ ತೆಗೆದುಹಾಕಿತು.

ಕರ್ನಾಟಕದಲ್ಲಿ ಈ ಕಾರ್ಯವನ್ನು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಉಪ ನೋಂದಣಾಧಿಕಾರಿಗಳು ವಿವಾಹಾಧಿಕಾರಿಗಳಾಗಿ ನಿರ್ವಹಿಸುತ್ತಾರೆ. ಈ ವಿಧಾನದಲ್ಲಿ ಕಾಯುವ ಅವಧಿ ಹೆಚ್ಚಾಗಿರುವುದರಿಂದ, ಪ್ರತಿಯೊಂದು ಹಂತದ ಗಡುವನ್ನೂ ಪಕ್ಷಕಾರರು ಮೊದಲೇ ತಿಳಿದಿರುವುದು ಅವಶ್ಯಕ.

2. ಯಾವ ಕಾಯ್ದೆ ಯಾರಿಗೆ ಅನ್ವಯ

ವಧೂವರರಿಬ್ಬರೂ ಹಿಂದೂ, ಬೌದ್ಧ, ಜೈನ ಅಥವಾ ಸಿಖ್ಖರಾಗಿದ್ದು, ಸಂಪ್ರದಾಯದಂತೆ ವಿವಾಹ ಈಗಾಗಲೇ ನೆರವೇರಿದ್ದಲ್ಲಿ, ಅದನ್ನು ಹಿಂದೂ ವಿವಾಹ ಅಧಿನಿಯಮ, 1955ರ ಕಲಂ 8ರಡಿ ನೋಂದಾಯಿಸಬಹುದು. ಅದಕ್ಕೆ 30 ದಿನಗಳ ನೋಟೀಸಿನ ಅಗತ್ಯವಿಲ್ಲ. ಆದರೆ ಅಲ್ಲಿ ನೋಂದಣಿಯಾಗುವುದು ನಡೆದಿರುವ ವಿವಾಹ. ಕಚೇರಿಯಲ್ಲಿ ಹೊಸದಾಗಿ ವಿವಾಹ ನೆರವೇರುವುದಿಲ್ಲ. ಸಪ್ತಪದಿ ಮುಂತಾದ ಸಾಂಪ್ರದಾಯಿಕ ವಿಧಿ ನಡೆದಿಲ್ಲದಿದ್ದರೆ ಆ ನೋಂದಣಿಯೊಂದೇ ವಿವಾಹವನ್ನು ಉಂಟುಮಾಡುವುದಿಲ್ಲ.

ವಧೂವರರು ಬೇರೆ ಬೇರೆ ಧರ್ಮಗಳಿಗೆ ಸೇರಿದವರಾಗಿದ್ದಲ್ಲಿ, ಅಥವಾ ಒಂದೇ ಧರ್ಮದವರಾಗಿದ್ದೂ ಧಾರ್ಮಿಕ ವಿಧಿಯಿಲ್ಲದೆ ವಿವಾಹವಾಗಲು ಇಚ್ಛಿಸಿದಲ್ಲಿ, ವಿಶೇಷ ವಿವಾಹ ಅಧಿನಿಯಮ ಅನ್ವಯವಾಗುತ್ತದೆ. ಇಲ್ಲಿ ಅಧಿಕಾರಿಯ ಸಮಕ್ಷಮದಲ್ಲಿ ನಡೆಯುವುದೇ ವಿವಾಹ. ಸಲಿಂಗ ವಿವಾಹಗಳಿಗೆ ಈ ಅಧಿನಿಯಮವನ್ನು ಅನ್ವಯಿಸಬೇಕೆಂಬ ಕೋರಿಕೆಯನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2023ರ ಅಕ್ಟೋಬರ್ 17ರಂದು ಪುರಸ್ಕರಿಸಲಿಲ್ಲ.

3. ವಿವಾಹಕ್ಕೆ ಇರುವ ಷರತ್ತುಗಳು (ಕಲಂ 4)

ಅ) ವಿವಾಹದ ಸಮಯದಲ್ಲಿ ಇಬ್ಬರಲ್ಲಿ ಯಾರಿಗೂ ಜೀವಂತ ಪತಿ ಅಥವಾ ಪತ್ನಿ ಇರತಕ್ಕದ್ದಲ್ಲ.

ಆ) ಇಬ್ಬರೂ ಸ್ವಬುದ್ಧಿಯಿಂದ ಒಪ್ಪಿಗೆ ನೀಡಲು ಸಮರ್ಥರಾಗಿರಬೇಕು, ಕಲಂನಲ್ಲಿ ಹೇಳಿರುವ ಸ್ವರೂಪದ ಮಾನಸಿಕ ಅಸ್ವಸ್ಥತೆ ಇರಬಾರದು.

ಇ) ವರನಿಗೆ 21 ವರ್ಷ ಮತ್ತು ವಧುವಿಗೆ 18 ವರ್ಷ ಪೂರ್ಣಗೊಂಡಿರಬೇಕು. ವಧುವಿನ ವಯೋಮಿತಿಯನ್ನು 21ಕ್ಕೆ ಏರಿಸಲು 2021ರಲ್ಲಿ ಮಂಡಿಸಲಾದ ಮಸೂದೆಯು ಕಾಯ್ದೆಯಾಗದೆ 2024ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ರದ್ದಾಯಿತು.

ಈ) ಇಬ್ಬರೂ ನಿಷೇಧಿತ ಸಂಬಂಧದ ವ್ಯಾಪ್ತಿಯೊಳಗೆ ಬರತಕ್ಕದ್ದಲ್ಲ.

ನಾಲ್ಕನೆಯ ಷರತ್ತನ್ನು ಕರ್ನಾಟಕದವರು ವಿಶೇಷವಾಗಿ ಗಮನಿಸಬೇಕು. ಅಕ್ಕನ ಮಗಳನ್ನೋ, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು ಇಲ್ಲಿನ ಹಲವು ಸಮುದಾಯಗಳಲ್ಲಿ ರೂಢಿಯಲ್ಲಿದೆ. ಆದರೆ ಅಧಿನಿಯಮದ ಮೊದಲನೆಯ ಅನುಸೂಚಿಯ ಪಟ್ಟಿಯಲ್ಲಿ ಈ ಮೂರೂ ಸಂಬಂಧಗಳು ಸೇರಿವೆ. ರೂಢಿಯ ಆಧಾರದ ಮೇಲೆ ವಿನಾಯಿತಿ ಉಂಟಾದರೂ, ಈ ಅಧಿನಿಯಮದ ಅರ್ಥದಲ್ಲಿ ರೂಢಿಯೆಂದರೆ ರಾಜ್ಯ ಸರ್ಕಾರವು ರಾಜಪತ್ರದಲ್ಲಿ ಅಧಿಸೂಚಿಸಿರುವ ನಿಯಮ ಮಾತ್ರ. ಹಿಂದೂ ವಿವಾಹ ಅಧಿನಿಯಮದಲ್ಲಾದರೋ ಬಹುಕಾಲದಿಂದ ಏಕರೂಪವಾಗಿ ನಡೆದುಬಂದ ರೂಢಿಯೇ ಸಾಕು. ಆದಕಾರಣ ರಕ್ತಸಂಬಂಧದೊಳಗಿನ ಹಿಂದೂ ವಧೂವರರು ಯಾವ ಕಾಯ್ದೆಯಡಿ ಮುಂದುವರಿಯಬೇಕೆಂಬುದನ್ನು ಅರ್ಜಿಗೆ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

4. ನೋಟೀಸು ನೀಡುವ ವಿಧಾನ (ಕಲಂ 5)

ವಧೂವರರಲ್ಲಿ ಕನಿಷ್ಠ ಒಬ್ಬರು ನೋಟೀಸಿನ ದಿನಾಂಕಕ್ಕೆ ಹಿಂದಿನ 30 ದಿನಗಳಿಗೆ ಕಡಿಮೆಯಿಲ್ಲದಂತೆ ಆ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿ ವಾಸವಾಗಿರಬೇಕು. ಸ್ವಂತ ಮನೆಯೇ ಆಗಬೇಕೆಂದಿಲ್ಲ. ಬಾಡಿಗೆ ಮನೆ ಅಥವಾ ವಸತಿ ನಿಲಯದ ವಾಸವೂ ಸಲ್ಲುತ್ತದೆ, ಆದರೆ ಅದಕ್ಕೆ ದಾಖಲೆ ಇರಬೇಕು.

ನೋಟೀಸನ್ನು ಎರಡನೆಯ ಅನುಸೂಚಿಯ ನಮೂನೆಯಲ್ಲಿ ಸಲ್ಲಿಸತಕ್ಕದ್ದು. ಹೆಸರು, ವೈವಾಹಿಕ ಸ್ಥಿತಿ, ಉದ್ಯೋಗ, ವಯಸ್ಸು, ವಾಸಸ್ಥಳ, ಕಾಯಂ ವಾಸಸ್ಥಳ ಮತ್ತು ವಾಸದ ಅವಧಿ ಇವಿಷ್ಟೇ ಅದರ ಅಂಕಣಗಳು. ಜಾತಿಯನ್ನಾಗಲಿ, ತಂದೆ-ತಾಯಿಯರ ಒಪ್ಪಿಗೆಯನ್ನಾಗಲಿ ಕೇಳುವ ಅಂಕಣ ಆ ನಮೂನೆಯಲ್ಲಿಲ್ಲ.

ನೋಟೀಸಿನೊಂದಿಗೆ ಸಾಮಾನ್ಯವಾಗಿ ಸಿದ್ಧವಿರಬೇಕಾದ ದಾಖಲೆಗಳು:

– ವಯಸ್ಸಿನ ದಾಖಲೆ: ಜನನ ಪ್ರಮಾಣಪತ್ರ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಅಥವಾ ಪಾಸ್‌ಪೋರ್ಟ್
– ವಾಸಸ್ಥಳ ಮತ್ತು ಗುರುತಿನ ದಾಖಲೆ
– ಇಬ್ಬರ ಭಾವಚಿತ್ರಗಳು
– ವಿಚ್ಛೇದಿತರಾಗಿದ್ದಲ್ಲಿ ನ್ಯಾಯಾಲಯದ ಡಿಕ್ರಿಯ ದೃಢೀಕೃತ ಪ್ರತಿ. ವಿಧವೆ ಅಥವಾ ವಿಧುರರಾಗಿದ್ದಲ್ಲಿ ಮರಣ ಪ್ರಮಾಣಪತ್ರ

ಡಿಕ್ರಿ ಕೈಸೇರಿದ ಮಾತ್ರಕ್ಕೆ ವಿಚ್ಛೇದಿತರು ಮರುವಿವಾಹವಾಗುವಂತಿಲ್ಲ. ಮೇಲ್ಮನವಿಯ ಅವಧಿ ಮುಗಿದಿರಬೇಕು, ಅಥವಾ ಸಲ್ಲಿಸಿದ ಮೇಲ್ಮನವಿ ವಜಾ ಆಗಿರಬೇಕು.

5. ನೋಟೀಸಿನ ಪ್ರಕಟಣೆ (ಕಲಂ 6)

ವಿವಾಹಾಧಿಕಾರಿಯು ನೋಟೀಸನ್ನು ವಿವಾಹ ನೋಟೀಸು ಪುಸ್ತಕದಲ್ಲಿ ದಾಖಲಿಸಿ, ಅದರ ಪ್ರತಿಯನ್ನು ತನ್ನ ಕಚೇರಿಯ ಎದ್ದು ಕಾಣುವ ಸ್ಥಳದಲ್ಲಿ ಅಂಟಿಸತಕ್ಕದ್ದು. ಈ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಪರಿಶೀಲಿಸಬಹುದು. ಪಕ್ಷಕಾರರಲ್ಲಿ ಒಬ್ಬರ ಕಾಯಂ ವಾಸಸ್ಥಳವು ಬೇರೆ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿದ್ದರೆ, ಒಂದು ಪ್ರತಿಯನ್ನು ಅಲ್ಲಿಗೂ ಕಳುಹಿಸಿ ಆ ಕಚೇರಿಯಲ್ಲಿ ಪ್ರಕಟಿಸಲಾಗುತ್ತದೆ. ಹೀಗಾಗಿ ಬೆಂಗಳೂರಿನಲ್ಲಿ ವಾಸವಿದ್ದು ನೋಟೀಸು ನೀಡಿದವರ ವಿವರವು ಸ್ವಂತ ಊರಿನ ಕಡೆಯ ಕಚೇರಿಯಲ್ಲಿಯೂ ಕಾಣಿಸಿಕೊಳ್ಳಬಹುದು. ಮನೆಯವರ ವಿರೋಧವಿರುವ ಪಕ್ಷಕಾರರು ಈ ಸಂಗತಿಯನ್ನು ಮೊದಲೇ ತಿಳಿದು, ಅಗತ್ಯವಿದ್ದರೆ ರಕ್ಷಣೆಯ ಏರ್ಪಾಡು ಮಾಡಿಕೊಳ್ಳಬೇಕು.

ಪಕ್ಷಕಾರರ ಮನೆಯ ವಿಳಾಸಕ್ಕೆ ನೋಟೀಸು ಕಳುಹಿಸಬೇಕೆಂದು ಅಧಿನಿಯಮದಲ್ಲಿ ಹೇಳಿಲ್ಲ. ಹಾಗೆ ಕಳುಹಿಸುವ ಕ್ರಮವನ್ನು ದೆಹಲಿ ಉಚ್ಚ ನ್ಯಾಯಾಲಯವು 2009ರಲ್ಲಿ ಒಪ್ಪಲಿಲ್ಲ. 2021ರ ಜನವರಿಯಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು ಪ್ರಕಟಣೆಯನ್ನು ಪಕ್ಷಕಾರರ ಇಚ್ಛೆಗೆ ಬಿಡಬೇಕೆಂದು ತೀರ್ಪು ನೀಡಿತು. ಆದರೆ ಅಧಿನಿಯಮದ ಕಲಂ 6 ತಿದ್ದುಪಡಿಯಾಗಿಲ್ಲ.

6. ಆಕ್ಷೇಪಣೆ: ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ (ಕಲಂ 7, 8 ಮತ್ತು 9)

ನೋಟೀಸು ಪ್ರಕಟವಾದ ದಿನಾಂಕದಿಂದ 30 ದಿನಗಳೊಳಗೆ ಯಾವುದೇ ವ್ಯಕ್ತಿ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಆಕ್ಷೇಪಣೆಗೆ ಇರುವ ಆಧಾರ ಒಂದೇ: ಮೇಲೆ 3ರಲ್ಲಿ ಹೇಳಿದ ಷರತ್ತುಗಳಲ್ಲಿ ಯಾವುದಾದರೊಂದು ಉಲ್ಲಂಘನೆಯಾಗುತ್ತದೆ ಎಂಬುದು. ಜಾತಿ ಬೇರೆ, ಧರ್ಮ ಬೇರೆ, ಅಂತಸ್ತು ಸರಿಹೊಂದುವುದಿಲ್ಲ, ಹಿರಿಯರಿಗೆ ಇಷ್ಟವಿಲ್ಲ, ಊರಿನವರ ವಿರೋಧವಿದೆ ಎಂಬ ಕಾರಣಗಳು ಕಾನೂನಿನ ದೃಷ್ಟಿಯಲ್ಲಿ ಆಕ್ಷೇಪಣೆಗಳಲ್ಲ.

ಆಕ್ಷೇಪಣೆಯನ್ನು ನೋಟೀಸು ಪುಸ್ತಕದಲ್ಲಿ ಬರೆದು, ಆಕ್ಷೇಪಿಸಿದವರಿಗೆ ಓದಿ ವಿವರಿಸಿ, ಅವರ ಸಹಿ ಪಡೆಯಲಾಗುತ್ತದೆ. ವಿವಾಹಾಧಿಕಾರಿಯು ಆಕ್ಷೇಪಣೆಯ ದಿನಾಂಕದಿಂದ 30 ದಿನಗಳೊಳಗೆ ವಿಚಾರಣೆ ನಡೆಸಿ ತೀರ್ಮಾನಿಸತಕ್ಕದ್ದು. ಆಕ್ಷೇಪಣೆಯನ್ನು ಎತ್ತಿಹಿಡಿದಲ್ಲಿ ಪಕ್ಷಕಾರರಲ್ಲಿ ಯಾರಾದರೂ 30 ದಿನಗಳೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆ ನ್ಯಾಯಾಲಯದ ತೀರ್ಮಾನವೇ ಅಂತಿಮ. ಆಕ್ಷೇಪಣೆಯು ಸಕಾರಣವಲ್ಲ ಮತ್ತು ಸದ್ಭಾವನೆಯಿಂದ ಮಾಡಿದ್ದಲ್ಲ ಎಂದು ಕಂಡುಬಂದಲ್ಲಿ, ಆಕ್ಷೇಪಿಸಿದವರಿಂದ 1,000 ರೂಪಾಯಿಗಳವರೆಗೆ ವೆಚ್ಚವನ್ನು ಪಕ್ಷಕಾರರಿಗೆ ಕೊಡಿಸಬಹುದು.

7. ವಿವಾಹದ ನೆರವೇರಿಕೆ (ಕಲಂ 11, 12 ಮತ್ತು 13)

ಅವಧಿ ಮುಗಿದ ನಂತರ ಪಕ್ಷಕಾರರು ಮೂವರು ಸಾಕ್ಷಿಗಳೊಂದಿಗೆ ಹಾಜರಾಗಬೇಕು. ಸಾಕ್ಷಿಗಳು ಬಂಧುಗಳೇ ಆಗಿರಬೇಕೆಂಬ ನಿಯಮವಿಲ್ಲ. ಸ್ನೇಹಿತರು ಅಥವಾ ಸಹೋದ್ಯೋಗಿಗಳೂ ಆಗಬಹುದು. ಮೊದಲು ಮೂರನೆಯ ಅನುಸೂಚಿಯಲ್ಲಿರುವ ಘೋಷಣೆಗೆ ಪಕ್ಷಕಾರರು ಮತ್ತು ಸಾಕ್ಷಿಗಳು ಸಹಿ ಹಾಕುತ್ತಾರೆ, ಅಧಿಕಾರಿಯು ಮೇಲುಸಹಿ ಮಾಡುತ್ತಾರೆ. ಸುಳ್ಳು ಘೋಷಣೆಯು ಶಿಕ್ಷಾರ್ಹ ಅಪರಾಧ.

ವಿವಾಹವನ್ನು ಯಾವುದೇ ರೀತಿಯಲ್ಲಿ ನೆರವೇರಿಸಬಹುದು. ಆದರೆ ಪರಸ್ಪರರನ್ನು ಕಾನೂನುಬದ್ಧ ಪತಿ-ಪತ್ನಿಯಾಗಿ ಸ್ವೀಕರಿಸುತ್ತೇವೆಂದು ಇಬ್ಬರೂ ಅಧಿಕಾರಿ ಹಾಗೂ ಸಾಕ್ಷಿಗಳ ಎದುರು, ತಮಗೆ ಅರ್ಥವಾಗುವ ಭಾಷೆಯಲ್ಲಿ, ಬಾಯಿಬಿಟ್ಟು ಹೇಳಲೇಬೇಕು. ಈ ಮಾತು ಕನ್ನಡದಲ್ಲಿಯೇ ಇರಬಹುದು. ಹಾರ ಬದಲಾಯಿಸುವುದೂ ತಾಳಿ ಕಟ್ಟುವುದೂ ಪಕ್ಷಕಾರರ ಇಚ್ಛೆಗೆ ಬಿಟ್ಟದ್ದು. ಹೆಚ್ಚುವರಿ ಶುಲ್ಕ ಪಾವತಿಸಿ, ಕಚೇರಿಯಿಂದ ಸಮಂಜಸ ದೂರದಲ್ಲಿರುವ ಬೇರೆ ಸ್ಥಳದಲ್ಲಿಯೂ ವಿವಾಹ ನಡೆಸಲು ಅವಕಾಶವಿದೆ.

ಬಳಿಕ ವಿವಾಹ ಪ್ರಮಾಣಪತ್ರ ಪುಸ್ತಕದಲ್ಲಿ ನಮೂದು ಮಾಡಿ ಎಲ್ಲರ ಸಹಿ ಪಡೆಯಲಾಗುತ್ತದೆ. ಈ ಪ್ರಮಾಣಪತ್ರವು ವಿವಾಹಕ್ಕೆ ನಿರ್ಣಾಯಕ ಸಾಕ್ಷ್ಯವಾಗಿರುತ್ತದೆ.

8. ಮೂರು ತಿಂಗಳ ಗಡುವು (ಕಲಂ 14)

ನೋಟೀಸು ನೀಡಿದ ದಿನಾಂಕದಿಂದ ಮೂರು ಕ್ಯಾಲೆಂಡರ್ ತಿಂಗಳೊಳಗೆ ವಿವಾಹ ನೆರವೇರದಿದ್ದಲ್ಲಿ ನೋಟೀಸು ಅಸಿಂಧುವಾಗುತ್ತದೆ. ಹೊಸ ನೋಟೀಸು ನೀಡಿ ಮತ್ತೆ 30 ದಿನ ಕಾಯಬೇಕಾಗುತ್ತದೆ. ಮೇಲ್ಮನವಿ ಸಲ್ಲಿಸಿದ್ದಲ್ಲಿ, ಜಿಲ್ಲಾ ನ್ಯಾಯಾಲಯದ ತೀರ್ಮಾನದ ದಿನಾಂಕದಿಂದ ಮೂರು ತಿಂಗಳೆಂದು ಲೆಕ್ಕ.

ಉದಾಹರಣೆಗೆ, ಜೂನ್ 1ರಂದು ನೋಟೀಸು ನೀಡಿ ಅದೇ ದಿನ ಅದು ಪ್ರಕಟವಾದರೆ, ಆಕ್ಷೇಪಣೆಯಿಲ್ಲದಿದ್ದಲ್ಲಿ ಜುಲೈ ಮೊದಲ ವಾರದಿಂದ ಆಗಸ್ಟ್ ಅಂತ್ಯದೊಳಗೆ ವಿವಾಹ ನೆರವೇರಬೇಕು. ವೀಸಾ, ರಜೆ ಅಥವಾ ಪ್ರಯಾಣದ ದಿನಾಂಕವನ್ನು ಈ ಲೆಕ್ಕ ನೋಡಿಕೊಂಡು ನಿಗದಿಪಡಿಸುವುದು ಕ್ಷೇಮ.

9. ಈಗಾಗಲೇ ಆದ ವಿವಾಹದ ನೋಂದಣಿ (ಕಲಂ 15 ಮತ್ತು 16)

ಬೇರೆ ವಿಧಿಯಂತೆ ನಡೆದ ವಿವಾಹವನ್ನೂ ಈ ಅಧಿನಿಯಮದಡಿ ನೋಂದಾಯಿಸಬಹುದು. ವಿವಾಹವಾದಂದಿನಿಂದ ಇಬ್ಬರೂ ಪತಿ-ಪತ್ನಿಯಾಗಿ ಬಾಳುತ್ತಿರಬೇಕು, ನೋಂದಣಿಯ ಸಮಯಕ್ಕೆ ಇಬ್ಬರಿಗೂ 21 ವರ್ಷ ಪೂರ್ಣವಾಗಿರಬೇಕು ಮತ್ತು ಅರ್ಜಿಗೆ ಹಿಂದಿನ 30 ದಿನ ಆ ವ್ಯಾಪ್ತಿಯಲ್ಲಿ ವಾಸವಿರಬೇಕು. ಇತರ ಷರತ್ತುಗಳೂ 30 ದಿನಗಳ ಪ್ರಕಟಣೆಯೂ ಇಲ್ಲಿಗೂ ಅನ್ವಯ. ವಿವಾಹದ ನಂತರ ಜನಿಸಿದ ಮಕ್ಕಳು ಎಲ್ಲ ರೀತಿಯಲ್ಲಿ ಔರಸ ಸಂತಾನವೆಂದೇ ಪರಿಗಣಿತರಾಗುತ್ತಾರೆ.

10. ಆಸ್ತಿ ಹಕ್ಕುಗಳ ಮೇಲಿನ ಪರಿಣಾಮ

ಹಿಂದೂ, ಬೌದ್ಧ, ಸಿಖ್ ಅಥವಾ ಜೈನ ಅವಿಭಕ್ತ ಕುಟುಂಬದ ಸದಸ್ಯರು ಈ ಅಧಿನಿಯಮದಡಿ ಅನ್ಯಧರ್ಮೀಯರನ್ನು ವಿವಾಹವಾದಲ್ಲಿ, ಆ ಕುಟುಂಬದಿಂದ ವಿಭಾಗವಾದಂತೆ ಎಣಿಸಲಾಗುತ್ತದೆ. ಇದರಿಂದ ಪಾಲಿನ ಹಕ್ಕು ನಾಶವಾಗುವುದಿಲ್ಲ. ಪಾಲು ಬೇರೆಯಾಗುತ್ತದೆ, ಅಷ್ಟೆ. ಅಂತಹ ದಂಪತಿಗಳ ಆಸ್ತಿಯ ಉತ್ತರಾಧಿಕಾರಕ್ಕೆ ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925 ಅನ್ವಯಿಸುತ್ತದೆ. ವಧೂವರರಿಬ್ಬರೂ ಮೇಲಿನ ನಾಲ್ಕು ಧರ್ಮಗಳಿಗೆ ಸೇರಿದವರಾಗಿದ್ದರೆ, 1976ರಲ್ಲಿ ಸೇರಿಸಲಾದ ಕಲಂ 21-ಎ ಪ್ರಕಾರ ಈ ಎರಡೂ ಪರಿಣಾಮಗಳು ಅನ್ವಯಿಸುವುದಿಲ್ಲ.

11. ಬೆದರಿಕೆ ಇದ್ದಲ್ಲಿ ರಕ್ಷಣೆ

ವಯಸ್ಕರಿಬ್ಬರು ಒಪ್ಪಿ ವಿವಾಹವಾಗಲು ಕುಟುಂಬದ ಅಥವಾ ಸಮುದಾಯದ ಸಮ್ಮತಿ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ, ಕರ್ನಾಟಕದಿಂದಲೇ ಬಂದ ಮೊಕದ್ದಮೆಯೊಂದರಲ್ಲಿ, ಸ್ಪಷ್ಟಪಡಿಸಿದೆ. ಇಂತಹ ದಂಪತಿಗಳಿಗೆ ರಕ್ಷಣೆ ಒದಗಿಸುವ ಬಗ್ಗೆ ಪೊಲೀಸರಿಗೂ ಸರ್ಕಾರಗಳಿಗೂ ಅದೇ ನ್ಯಾಯಾಲಯವು 2018ರ ಮಾರ್ಚ್ 27ರಂದು ನಿರ್ದೇಶನಗಳನ್ನು ನೀಡಿದೆ. ಬೆದರಿಕೆ ಇರುವವರು ಹತ್ತಿರದ ಪೊಲೀಸ್ ಠಾಣೆಗೆ ಲಿಖಿತ ಮನವಿ ಸಲ್ಲಿಸಬಹುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರಂತೆ ಮಹಿಳೆಯರು ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು, ಸಹಾಯವಾಣಿ 15100.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನೋಟೀಸು ನೀಡಿದ ದಿನವೇ ವಿವಾಹವಾಗಬಹುದೇ?
ಉತ್ತರ: ಇಲ್ಲ. 30 ದಿನಗಳ ಅವಧಿಯನ್ನು ಕಡಿಮೆ ಮಾಡುವ ಅಧಿಕಾರ ವಿವಾಹಾಧಿಕಾರಿಗೆ ಇಲ್ಲ. ಒಂದೇ ದಿನದಲ್ಲಿ ಮಾಡಿಸಿಕೊಡುತ್ತೇವೆಂದು ಹೇಳುವ ಮಧ್ಯವರ್ತಿಗಳನ್ನು ನಂಬಬಾರದು.

ಪ್ರಶ್ನೆ: ವಿವಾಹಕ್ಕಾಗಿ ಮತಾಂತರವಾಗಬೇಕೇ?
ಉತ್ತರ: ಬೇಕಿಲ್ಲ. ವಿವಾಹದ ನಂತರವೂ ಇಬ್ಬರೂ ತಮ್ಮ ತಮ್ಮ ಧರ್ಮದಲ್ಲಿಯೇ ಮುಂದುವರಿಯಬಹುದು.

ಪ್ರಶ್ನೆ: ನೋಟೀಸು ಫಲಕ ನೋಡಿ ಪೋಷಕರು ಕಚೇರಿಗೆ ಬಂದು ವಿರೋಧಿಸಿದರೆ ವಿವಾಹ ನಿಲ್ಲುತ್ತದೆಯೇ?
ಉತ್ತರ: ಕೇವಲ ವಿರೋಧದಿಂದ ನಿಲ್ಲುವುದಿಲ್ಲ. ಕಲಂ 4ರ ಷರತ್ತಿನ ಉಲ್ಲಂಘನೆಯನ್ನು ಅವರು ಲಿಖಿತವಾಗಿ ದಾಖಲಿಸಿದಲ್ಲಿ ಮಾತ್ರ ವಿಚಾರಣೆ ನಡೆಯುತ್ತದೆ.

ಪ್ರಶ್ನೆ: ಪ್ರಮಾಣಪತ್ರದ ನಕಲು ದೊರೆಯುತ್ತದೆಯೇ?
ಉತ್ತರ: ದೊರೆಯುತ್ತದೆ. ನಿಗದಿತ ಶುಲ್ಕ ಪಾವತಿಸಿ, ವಿವಾಹ ನಡೆದ ಕಚೇರಿಯಿಂದ ದೃಢೀಕೃತ ಪ್ರತಿ ಪಡೆಯಬಹುದು. ಅರ್ಜಿಯಲ್ಲಿ ವಿವಾಹದ ದಿನಾಂಕ ಮತ್ತು ಪ್ರಮಾಣಪತ್ರದ ಸಂಖ್ಯೆಯನ್ನು ನಮೂದಿಸಿದಲ್ಲಿ ಪ್ರತಿ ಬೇಗ ಸಿಗುತ್ತದೆ.