ಹಿತ್ತಲ ಪೆಟ್ಟಿಗೆಯ ಗಟ್ಟಿ ತುಪ್ಪ

ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಜೇನಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಸಂಚಿಕೆ ಸಮಿತಿಯವರು ಕೇಳಿದ್ದಾರೆ. ಸದಸ್ಯರು ನಮ್ಮನ್ನು ಕೇಳುವುದು ಮಾತ್ರ ಒಂದೇ ಪ್ರಶ್ನೆ: "ಈ ಸಲದ ತುಪ್ಪ ಇಷ್ಟು ಗಟ್ಟಿ ಯಾಕ್ರೀ? ಬೆಲ್ಲದ ಪಾಕ ಸೇರಿಲ್ಲ ತಾನೆ?" ಇದೇ ಅನುಮಾನದ ಮೇಲೆ ಒಬ್ಬ ವ್ಯಾಪಾರಿ ನಮ್ಮ ಡಬ್ಬಿಗಳನ್ನು ವಾಪಸು ಕಳಿಸಿದ್ದೂ ಉಂಟು.

ನಮ್ಮ ಹಿರಿಯರು ಪೊಟರೆಯಲ್ಲೋ ಮಡಕೆಯಲ್ಲೋ ಕೂತ ತುಡುವೆಗೆ ಹೊಗೆ ಹಾಕಿ, ಎರಿ ಕೊಯ್ದು, ಬಟ್ಟೆಯಲ್ಲಿ ಹಿಂಡುತ್ತಿದ್ದರು. ಮರಿ, ಪರಾಗ ಎಲ್ಲ ಸೇರಿ ತುಪ್ಪ ಬೇಗ ಹುಳಿಯಾಗುತ್ತಿತ್ತು. ಕುಟುಂಬವೂ ಹಾಳು. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ, ನೊಣ ಓಡಾಡುವಷ್ಟೇ ಸಂದು ಬಿಟ್ಟು ಚೌಕಟ್ಟು ಇಟ್ಟರೆ ಎರಿಯನ್ನು ಒಡೆಯದೆ ಎತ್ತಬಹುದೆಂದು ಕಂಡುಕೊಂಡರು. 1865ರಲ್ಲಿ ಆಸ್ಟ್ರಿಯಾದ ಸೈನ್ಯಾಧಿಕಾರಿ ಹ್ರುಷ್ಕಾ ಎರಿ ತಿರುಗಿಸಿ ತುಪ್ಪ ಚಿಮ್ಮಿಸುವ ಯಂತ್ರ ತೋರಿಸಿದರು. ನಮ್ಮ ಸಣ್ಣ ತುಡುವೆಗೆ ತಕ್ಕ ಪೆಟ್ಟಿಗೆ ಮಾಡಿದವರು ತಿರುಚಿನಾಪಳ್ಳಿಯ ಫಾದರ್ ನ್ಯೂಟನ್, 1910ರ ಸುಮಾರಿಗೆ. 1991-92ರ ಥಾಯ್ ಸ್ಯಾಕ್‌ಬ್ರೂಡ್ ರೋಗದಲ್ಲಿ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳು ಬಹುಪಾಲು ಬರಿದಾದವು. ಆ ಕಥೆ ಬೇರೆಯೇ ಬರೆಯಬೇಕು.

ಗಟ್ಟಿತನಕ್ಕೆ ಬರೋಣ. ಹೂವಿನ ರಸದಲ್ಲಿ ನೀರೇ ಹೆಚ್ಚು. ನೊಣ ರೆಕ್ಕೆ ಬೀಸಿ ಅದನ್ನು ಆರಿಸುತ್ತದೆ. ಹದ ಬಂದ ಮೇಲೆ ಕಣ್ಣಿಗೆ ಮೇಣದ ಮುಚ್ಚಳ ಹಾಕುತ್ತದೆ. ಮುಚ್ಚುವ ಮೊದಲೇ ತೆಗೆದರೆ ತೆಳು ತುಪ್ಪ, ನಾಲ್ಕು ತಿಂಗಳಲ್ಲಿ ನೊರೆ. ಬೇಸಿಗೆಯಲ್ಲಿ ಪೂರ್ತಿ ಮುಚ್ಚಿದ ಎರಿಯದು ಗಟ್ಟಿ. ಕೈ ಬಿಗಿ ಇದ್ದವರು ಕಾಯುವುದಿಲ್ಲ ಬಿಡಿ, ಅವರ ಕಷ್ಟ ನಮಗೂ ಗೊತ್ತು.

ಇದಕ್ಕೂ ಮೀರಿದ ಗಟ್ಟಿ ತುಪ್ಪ ಉಂಟು. ನಮ್ಮ ಗುರಿಗೆಯ ಜಾತಿಯದೇ ಆದ ಕಾರ್ವಿ ಗಿಡ ಮಹಾಬಲೇಶ್ವರದ ಘಟ್ಟದಲ್ಲಿ ಏಳೆಂಟು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಅದರ ತುಪ್ಪ ಎರಿಯಲ್ಲೇ ಹೆಪ್ಪುಗಟ್ಟಿದಂತೆ ಕೂರುತ್ತದೆ. ಕಲಕಿದರೆ ಹರಿಯುತ್ತದೆ, ಬಿಟ್ಟರೆ ಮತ್ತೆ ಹೆಪ್ಪು. ಬರೀ ತಿರುಗಿಸಿದರೆ ಯಂತ್ರಕ್ಕೆ ಬಗ್ಗುವುದಿಲ್ಲ. ಸ್ಕಾಟ್ಲೆಂಡಿನ ಹೆದರ್ ಹೂವಿನ ತುಪ್ಪವೂ ಹೀಗೇ. ಅಲ್ಲಿಯವರು ಪ್ರತಿ ಕಣ್ಣಿಗೂ ಸೂಜಿ ಆಡಿಸಿ ಆಮೇಲೆ ತಿರುಗಿಸುತ್ತಾರೆ, ಇಲ್ಲವೇ ಎರಿ ಕೊಯ್ದು ಒತ್ತುಯಂತ್ರದಲ್ಲಿ ಹಿಂಡುತ್ತಾರೆ. ಹಿಂಡುವುದು ಅಜ್ಜನ ಕಾಲದ್ದೇ ಆಯಿತು! ಆದರೆ ಮರಿಯಿಲ್ಲದ ಮೇಲಿನ ಪೆಟ್ಟಿಗೆಯ ಎರಿ ಮಾತ್ರ, ಕುಟುಂಬಕ್ಕೆ ಧಕ್ಕೆಯಿಲ್ಲ.

ನಮ್ಮ ಹಿತ್ತಲಿನ ಗಟ್ಟಿ ತುಪ್ಪಕ್ಕೆ ಅಷ್ಟು ಬೇಡ. ಬಿಸಿಲೇರಿದ ಹೊತ್ತಿನಲ್ಲಿ ಎರಿ ತೆಗೆದು, ಬೆಚ್ಚಗಿರುವಾಗಲೇ ಮುಚ್ಚಳ ಸವರಿ, ಮೊದಲು ನಿಧಾನ, ಎರಡೂ ಮಗ್ಗುಲು ಬದಲಿಸಿ ತಿರುಗಿಸುತ್ತೇವೆ. ಜೋರು ಮಾಡಿದರೆ ಎರಿ ಮುರಿಯುತ್ತದೆ. ಉಳಿದದ್ದನ್ನು ಪೆಟ್ಟಿಗೆಗೇ ವಾಪಸು ಇಡುತ್ತೇವೆ, ನೊಣಗಳು ನೆಕ್ಕಿ ಶುಚಿ ಮಾಡಿಕೊಳ್ಳುತ್ತವೆ.